ಗೇಮ್ ಆಡೋಕೆ ಲ್ಯಾಪ್‌ಟಾಪ್ ತಗೋಬೇಕಾ? ಸ್ಟಿಕರ್ ನೋಡಬೇಡಿ, ವ್ಯಾಟ್ ನೋಡಿ

ಸಿಇಟಿ ಕೌನ್ಸೆಲಿಂಗ್ ಮುಗಿದು ಎಂಜಿನಿಯರಿಂಗ್ ಸೀಟು ಸಿಕ್ಕ ಮನೆಗಳಲ್ಲಿ ಪ್ರತಿ ವರ್ಷ ಒಂದೇ ಮಾತು ನಡೆಯುತ್ತದೆ. ಕಂಪ್ಯೂಟರ್ ಬೇಕು. ಓದಿಗೂ ಆಗಬೇಕು, ಗೇಮ್‌ಗೂ ಆಗಬೇಕು. ಅಂಗಡಿಯವರು ಕೆಂಪು ದೀಪ ಮಿನುಗುವ ಕೀಬೋರ್ಡಿನ ಲ್ಯಾಪ್‌ಟಾಪ್ ತೋರಿಸುತ್ತಾರೆ. ಗೆಳೆಯ ಅದೇ ದುಡ್ಡಿಗೆ ಡೆಸ್ಕ್‌ಟಾಪ್ ಕಟ್ಟಿಸು ಅನ್ನುತ್ತಾನೆ. ಇಬ್ಬರ ಮಾತಲ್ಲೂ ಸತ್ಯ ಇದೆ. ಮಧ್ಯದಲ್ಲಿ ಅಪ್ಪ ಅಮ್ಮನ ದುಡ್ಡು ನಿಂತಿರುತ್ತದೆ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮೆಷಿನ್ ಊರಿಂದ ಊರಿಗೆ ಓಡಾಡುವುದಿದ್ದರೆ ಲ್ಯಾಪ್‌ಟಾಪ್ ಒಳ್ಳೆಯ ಆಯ್ಕೆ. ಒಂದೇ ಮೇಜಿನ ಮೇಲೆ ವರ್ಷಗಟ್ಟಲೆ ಕೂರುವುದಿದ್ದರೆ ಡೆಸ್ಕ್‌ಟಾಪ್ ತಗೊಳ್ಳಿ. ಲ್ಯಾಪ್‌ಟಾಪೇ ಅಂತ ತೀರ್ಮಾನ ಆದಮೇಲೆ ಸ್ಟಿಕರಿನಲ್ಲಿರುವ ಗ್ರಾಫಿಕ್ಸ್ ಕಾರ್ಡಿನ (ಗೇಮಿನ ಚಿತ್ರ ಮೂಡಿಸುವ ಭಾಗದ) ಹೆಸರು ನೋಡಿ ದುಡ್ಡು ಕೊಡಬೇಡಿ. ಆ ಕಾರ್ಡಿಗೆ ಎಷ್ಟು ವ್ಯಾಟ್ ಕೊಟ್ಟಿದ್ದಾರೆ, ಅದರಿಂದ ಹುಟ್ಟುವ ಬಿಸಿಯನ್ನು ಹೊರಗೆ ಹಾಕಲು ಏನು ವ್ಯವಸ್ಥೆ ಮಾಡಿದ್ದಾರೆ, ಅದನ್ನು ನೋಡಿ. ಹೇಗೆ ನೋಡಬೇಕು ಅನ್ನುವುದನ್ನು ಒಂದೊಂದೇ ಹೆಜ್ಜೆಯಾಗಿ ಬರೆದಿದ್ದೇನೆ.

ಹೆಜ್ಜೆ 1: ಇದು ನಿಜವಾಗಿ ಓಡಾಡುತ್ತಾ?

ಹಾಸ್ಟೆಲ್ಲಿನಲ್ಲೋ ಪಿಜಿಯಲ್ಲೋ ಇರುವವರು, ರಜೆಗೆ ಬಸ್ಸು ಹತ್ತಿ ಊರಿಗೆ ಹೋಗುವವರು, ಲ್ಯಾಬಿಗೆ ಸ್ವಂತ ಮೆಷಿನ್ ತರಬೇಕಾದವರು ಹೆಚ್ಚು ಯೋಚಿಸಬೇಕಿಲ್ಲ. ಮಾನಿಟರ್, ಕ್ಯಾಬಿನೆಟ್, ಕೀಬೋರ್ಡ್, ಯುಪಿಎಸ್ ಎಲ್ಲ ಕಟ್ಟಿಕೊಂಡು ಆರು ತಿಂಗಳಿಗೊಮ್ಮೆ ರೂಮು ಬದಲಿಸುವುದು ಆಗದ ಕೆಲಸ. ಆದರೂ ಗೇಮಿಂಗ್ ಲ್ಯಾಪ್‌ಟಾಪ್ ಹಗುರ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಎರಡೂಕಾಲು, ಎರಡೂವರೆ ಕೆಜಿ ಇರುತ್ತದೆ. ಅಡಾಪ್ಟರೇ ಮುಕ್ಕಾಲು ಕೆಜಿ ತೂಗಬಹುದು. ದಿನಾ ಬೆನ್ನ ಮೇಲೆ ಹೊತ್ತು ಬಿಎಂಟಿಸಿ ಬಸ್ಸಲ್ಲಿ ನಿಲ್ಲುವವರು ಅಂಗಡಿಯಲ್ಲೇ ಬ್ಯಾಗಿಗೆ ಹಾಕಿ ಎತ್ತಿ ನೋಡಿ.

ಮನೆಯಲ್ಲೇ ಇದ್ದು ಕಾಲೇಜಿಗೆ ಹೋಗಿಬರುವವರ ಲೆಕ್ಕ ಬೇರೆ. ಅವರಿಗೆ ಡೆಸ್ಕ್‌ಟಾಪಿನ ದೊಡ್ಡ ಲಾಭ ಮುಂದಿನ ವರ್ಷಗಳಲ್ಲಿ ಕಾಣುತ್ತದೆ. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ಪನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅದು ಹಳೆಯದಾದರೆ ಲ್ಯಾಪ್‌ಟಾಪೇ ಹಳೆಯದಾದ ಹಾಗೆ. ಡೆಸ್ಕ್‌ಟಾಪಿನಲ್ಲಿ ಬೇಕಾದ ಭಾಗ ಮಾತ್ರ ಬದಲಿಸಬಹುದು. 2017ರಲ್ಲಿ ಪ್ರೊಸೆಸರ್ ಕಂಪನಿ ಎಎಂಡಿಯ ಎಎಂ4 ಮಾದರಿಯ ಮದರ್‌ಬೋರ್ಡ್ ಕೊಂಡಿದ್ದ ಎಷ್ಟೋ ಜನ 2022ರಲ್ಲಿ ಬಯಾಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ಅದೇ ಬೋರ್ಡಿಗೆ ರೈಜೆನ್ 7 5800ಎಕ್ಸ್3ಡಿ ಹಾಕಿಕೊಂಡರು. ಐದು ವರ್ಷ ಹಳೆಯ ಬೋರ್ಡಿಗೆ ಆಗಿನ ಅತ್ಯುತ್ತಮ ಗೇಮಿಂಗ್ ಪ್ರೊಸೆಸರುಗಳಲ್ಲೊಂದು ಸೇರಿತು. ಲ್ಯಾಪ್‌ಟಾಪಿನಲ್ಲಿ ಇದನ್ನು ಕನಸಲ್ಲೂ ಕಾಣುವಂತಿಲ್ಲ.

ಆದರೆ ಬೆಲೆ ಹೋಲಿಸುವಾಗ ನ್ಯಾಯವಾಗಿ ಹೋಲಿಸಿ. ಕಂಪ್ಯೂಟರ್ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬರೆಸಿಕೊಂಡ ಡೆಸ್ಕ್‌ಟಾಪ್ ಕೊಟೇಶನ್ನಿನಲ್ಲಿ ಬರೀ ಕ್ಯಾಬಿನೆಟ್ ಒಳಗಿನ ಭಾಗಗಳಷ್ಟೇ ಇರಬಹುದು. ಮಾನಿಟರ್, ಕೀಬೋರ್ಡ್, ಮೌಸ್, ಸ್ಪೀಕರ್ ಅಥವಾ ಹೆಡ್‌ಫೋನ್, ವೆಬ್‌ಕ್ಯಾಮ್, ವೈಫೈ, ವಿಂಡೋಸ್ ಲೈಸೆನ್ಸ್, ಯುಪಿಎಸ್, ಅದರ ಮೇಲೆ 18% ಜಿಎಸ್‌ಟಿ, ಎಲ್ಲ ಕೂಡಿಸಿದ ಮೇಲೆ ಲ್ಯಾಪ್‌ಟಾಪಿನ ಬೆಲೆಯ ಪಕ್ಕ ಇಡಿ. ಆಗಲೂ ಅದೇ ದುಡ್ಡಿಗೆ ಡೆಸ್ಕ್‌ಟಾಪ್ ಸಾಮಾನ್ಯವಾಗಿ ಜೋರಾಗಿ ಓಡುತ್ತದೆ, ಆದರೆ ಅಂತರ ಗೆಳೆಯರು ಹೇಳಿದಷ್ಟು ಇರುವುದಿಲ್ಲ.

ಮೂರನೇ ದಾರಿಯೂ ಒಂದಿದೆ. ನನಗೆ ಇಷ್ಟವಾದದ್ದು ಅದೇ. ಮನೆಯಲ್ಲಿ ಹದವಾದ ಡೆಸ್ಕ್‌ಟಾಪ್, ಕಾಲೇಜಿಗೆ ಹಗುರವಾದ ಸಾದಾ ಲ್ಯಾಪ್‌ಟಾಪ್. ಸಾದಾ ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ. ಗೇಮ್ ಮಾರುವ ಸ್ಟೀಮ್ ಎಂಬ ಆ್ಯಪಿನ ರಿಮೋಟ್ ಪ್ಲೇ ಬಳಸಿದರೆ ಡೆಸ್ಕ್‌ಟಾಪಿನಲ್ಲಿ ಓಡುವ ಗೇಮನ್ನು ಅದೇ ಮನೆಯ ಇನ್ನೊಂದು ಕೋಣೆಯಲ್ಲಿ ಲ್ಯಾಪ್‌ಟಾಪಿನ ಪರದೆ ಮೇಲೆ ಆಡಬಹುದು.

ಹೆಜ್ಜೆ 2: ಆಡುವ ಗೇಮ್‌ಗಳನ್ನು ಕಾಗದದ ಮೇಲೆ ಬರೆಯಿರಿ

ಇದನ್ನು ಬಹಳ ಮಂದಿ ಮಾಡುವುದೇ ಇಲ್ಲ. ಐದೋ ಆರೋ ಹೆಸರು ಬರೆಯಿರಿ, ಸಾಕು.

ಪಟ್ಟಿಯಲ್ಲಿ ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ 2, ಮೈನ್‌ಕ್ರಾಫ್ಟ್, ಹಳೆಯ ಜಿಟಿಎ 5 ಮಾತ್ರ ಇದ್ದರೆ ನಿಮಗೆ ದುಬಾರಿ ಗೇಮಿಂಗ್ ಲ್ಯಾಪ್‌ಟಾಪ್ ಬೇಕಾಗಿಯೇ ಇಲ್ಲದಿರಬಹುದು. ವ್ಯಾಲೊರಂಟನ್ನು ಸಾಧಾರಣ ಕಂಪ್ಯೂಟರುಗಳಲ್ಲೂ ಓಡಲಿ ಎಂದೇ ಮಾಡಿದ್ದಾರೆ. ರೇಡಿಯಾನ್ 780ಎಂ ತರಹದ, ಪ್ರೊಸೆಸರ್ ಒಳಗೇ ಇರುವ ಗ್ರಾಫಿಕ್ಸ್ ಸಾಕು. ಸೆಟ್ಟಿಂಗ್ ತಗ್ಗಿಸಿಕೊಂಡರೆ ಈ ಗೇಮ್‌ಗಳು 1080ಪಿಯಲ್ಲಿ, ಅಂದರೆ ಫುಲ್ ಎಚ್‌ಡಿಯಲ್ಲಿ, ಚೆನ್ನಾಗೇ ಆಡುತ್ತವೆ. ಅಂಥ ಲ್ಯಾಪ್‌ಟಾಪ್ ಒಂದೂವರೆ ಕೆಜಿ ಇರುತ್ತದೆ, ಕ್ಲಾಸಿನಲ್ಲಿ ಚಾರ್ಜರ್ ಹುಡುಕಬೇಕಾಗಿಲ್ಲ.

ಸೈಬರ್‌ಪಂಕ್ 2077, ರೆಡ್ ಡೆಡ್ ರಿಡೆಂಪ್ಷನ್ 2, ಬಾಲ್ಡರ್ಸ್ ಗೇಟ್ 3 ಇಂಥವು ಪಟ್ಟಿಯಲ್ಲಿದ್ದರೆ ಬೇರೆಯದೇ ಕಾರ್ಡ್ ಬೇಕು. ಹೊಸ ಗೇಮ್‌ಗಳು ಕಾರ್ಡಿನ ಸ್ವಂತ ಮೆಮೊರಿಯನ್ನು, ಅಂದರೆ ವಿಆರ್ಯಾಮ್ ಅನ್ನು, ಜಾಸ್ತಿ ಕೇಳುತ್ತಿವೆ. 2024ರ ಡಿಸೆಂಬರಿನಲ್ಲಿ ಬಂದ ಇಂಡಿಯಾನಾ ಜೋನ್ಸ್ ಗೇಮ್‌ಗೆ ಕನಿಷ್ಠ ಅಗತ್ಯವೇ 8 ಜಿಬಿ ವಿಆರ್ಯಾಮ್ ಮತ್ತು ರೇ ಟ್ರೇಸಿಂಗ್ (ಬೆಳಕು ನೆರಳನ್ನು ನಿಜದಂತೆ ಮೂಡಿಸುವ ತಂತ್ರ) ಇರುವ ಕಾರ್ಡ್. ಹಾಗಾಗಿ ಎನ್ವಿಡಿಯಾ ಕಂಪನಿಯ 4 ಜಿಬಿಯ ಆರ್‌ಟಿಎಕ್ಸ್ 3050 ಕಾರ್ಡ್ ಇರುವ ಲ್ಯಾಪ್‌ಟಾಪನ್ನು ಇವತ್ತು ಹೊಸದಾಗಿ ಕೊಳ್ಳಬೇಡಿ, ಎಷ್ಟೇ ಆಫರ್ ಇರಲಿ. 6 ಜಿಬಿ ಇರುವ 4050 ಹಳೆಯ ಮತ್ತು ಮಧ್ಯಮ ಗೇಮ್‌ಗಳಿಗೆ ಸರಿ. ನಾಲ್ಕು ವರ್ಷ ಬಾಳಬೇಕು ಅಂದರೆ 8 ಜಿಬಿಯಿಂದ ಶುರು ಮಾಡಿ.

ಇನ್ನೊಂದು ಮಾತು ಕಂಪ್ಯೂಟರ್ ಸೈನ್ಸ್ ಮಕ್ಕಳಿಗೆ. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ತೆಗೆದು ಉಬುಂಟು ಲಿನಕ್ಸ್ ಮಾತ್ರ ಇಟ್ಟುಕೊಂಡರೆ ವ್ಯಾಲೊರಂಟ್ ಓಡುವುದಿಲ್ಲ. ಅದರ ವ್ಯಾನ್‌ಗಾರ್ಡ್ ಎಂಬ ಕಳ್ಳಾಟ ತಡೆಯುವ ಸಾಫ್ಟ್‌ವೇರ್ ಲಿನಕ್ಸ್‌ನಲ್ಲಿ ನಡೆಯುವುದಿಲ್ಲ. ವಿಂಡೋಸ್ 11ರಲ್ಲಿ ಅದಕ್ಕೆ ಸೆಕ್ಯೂರ್ ಬೂಟ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯಗಳು ಎರಡೂ ಆನ್ ಇರಬೇಕು. ಎರಡೂ ಓಎಸ್ ಹಾಕಿಕೊಳ್ಳುವವರು ಇದನ್ನು ನೆನಪಿನಲ್ಲಿಡಿ.

ಹೆಜ್ಜೆ 3: ಕಾರ್ಡಿನ ಹೆಸರಿನ ಹಿಂದೆ ಇರುವ ವ್ಯಾಟ್ ಹುಡುಕಿ

ಇಡೀ ಲೇಖನದಲ್ಲಿ ಇದೊಂದನ್ನು ಮಾತ್ರ ಓದಿದರೂ ಸಾಕು ಅನ್ನಬಲ್ಲೆ.

ಮೊದಲು ಲ್ಯಾಪ್‌ಟಾಪ್ ಕಾರ್ಡುಗಳ ಹೆಸರಿನ ಕೊನೆಗೆ ‘ಎಂ’ ಅಂತ ಇರುತ್ತಿತ್ತು. ನೋಡಿದ ಕೂಡಲೇ ಇದು ಬೇರೆ ಕಾರ್ಡ್ ಅಂತ ಗೊತ್ತಾಗುತ್ತಿತ್ತು. 2016ರಲ್ಲಿ 10 ಸರಣಿ ಬಂದಾಗ ಎನ್ವಿಡಿಯಾ ಆ ಅಕ್ಷರ ತೆಗೆದುಹಾಕಿತು. ಆಗ ಅದಕ್ಕೆ ಒಂದು ಅರ್ಥ ಇತ್ತು, ಎರಡೂ ಕಡೆಯ ಚಿಪ್ ಹೆಚ್ಚುಕಡಿಮೆ ಒಂದೇ ಆಗಿದ್ದವು. ಬರುಬರುತ್ತಾ ಚಿಪ್‌ಗಳು ಬೇರೆಬೇರೆಯಾದವು, ನಂಬರ್ ಮಾತ್ರ ಒಂದೇ ಉಳಿಯಿತು.

ಉದಾಹರಣೆಗೆ ಆರ್‌ಟಿಎಕ್ಸ್ 4070 ತಗೊಳ್ಳಿ. ಡೆಸ್ಕ್‌ಟಾಪಿನದ್ದರಲ್ಲಿ 5888 ಕೋರ್ (ಚಿತ್ರದ ಲೆಕ್ಕ ಮಾಡುವ ಪುಟ್ಟ ಘಟಕಗಳು), 12 ಜಿಬಿ ಮೆಮೊರಿ. ಲ್ಯಾಪ್‌ಟಾಪಿನದ್ದರಲ್ಲಿ 4608 ಕೋರ್, 8 ಜಿಬಿ ಮೆಮೊರಿ. ಮೇಲಕ್ಕೆ ಹೋದಷ್ಟೂ ಕಂದಕ ದೊಡ್ಡದಾಗುತ್ತದೆ. 4090 ಡೆಸ್ಕ್‌ಟಾಪ್ ಕಾರ್ಡಿಗೆ 16384 ಕೋರ್, 24 ಜಿಬಿ, 450 ವ್ಯಾಟ್. ಅದೇ ಹೆಸರಿನ ಲ್ಯಾಪ್‌ಟಾಪ್ ಕಾರ್ಡಿಗೆ 9728 ಕೋರ್, 16 ಜಿಬಿ, ಹೆಚ್ಚೆಂದರೆ 175 ವ್ಯಾಟ್. ಕೋರ್ ಲೆಕ್ಕದಲ್ಲಿ ಅದು ಡೆಸ್ಕ್‌ಟಾಪಿನ 4080ಗೆ ಸಮ. ಹಾಗಾಗಿ ಯೂಟ್ಯೂಬಿನಲ್ಲಿ ಡೆಸ್ಕ್‌ಟಾಪ್ ಕಾರ್ಡಿನ ಟೆಸ್ಟ್ ನೋಡಿ ಲ್ಯಾಪ್‌ಟಾಪಿನಲ್ಲೂ ಅಷ್ಟೇ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಲೆಕ್ಕ) ಬರುತ್ತೆ ಅಂತ ಲೆಕ್ಕ ಹಾಕಬೇಡಿ.

ಇದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ಒಂದು ಲ್ಯಾಪ್‌ಟಾಪಿನ 4060ಗೂ ಇನ್ನೊಂದು ಲ್ಯಾಪ್‌ಟಾಪಿನ 4060ಗೂ ವ್ಯತ್ಯಾಸ ಇರುತ್ತದೆ. ಈ ಕಾರ್ಡನ್ನು 35 ವ್ಯಾಟಿನಿಂದ 115 ವ್ಯಾಟಿನವರೆಗೆ ಎಷ್ಟಕ್ಕೆ ಬೇಕಾದರೂ ಕೂರಿಸಲು ಎನ್ವಿಡಿಯಾ ಬಿಟ್ಟಿದೆ. ಅದರ ಮೇಲೆ ಡೈನಮಿಕ್ ಬೂಸ್ಟ್ ಹೆಸರಿನಲ್ಲಿ ಇನ್ನೂ 25 ವ್ಯಾಟ್ ಸೇರಬಹುದು. ಒಂದೇ ಎಚ್‌ಪಿಯ ಎರಡು ಪಂಪ್‌ಸೆಟ್ ಇಟ್ಟು ಒಂದಕ್ಕೆ ಪೂರ್ತಿ ವೋಲ್ಟೇಜ್, ಇನ್ನೊಂದಕ್ಕೆ ಅರ್ಧ ಕೊಟ್ಟರೆ ಗದ್ದೆಗೆ ಬೀಳುವ ನೀರು ಒಂದೇ ಆಗುತ್ತಾ? ತೆಳ್ಳಗಿನ ಲ್ಯಾಪ್‌ಟಾಪಿನ 45 ವ್ಯಾಟ್ 4060ಯನ್ನು ಪೂರ್ತಿ ವ್ಯಾಟ್ ಸಿಕ್ಕ 4050 ಎಷ್ಟೋ ಗೇಮ್‌ಗಳಲ್ಲಿ ಸರಿಗಟ್ಟಬಲ್ಲದು. ಕಡಿಮೆ ದುಡ್ಡಿನದ್ದು ಜಾಸ್ತಿ ದುಡ್ಡಿನದ್ದರ ಜೊತೆ ಸಮಕ್ಕೆ ಓಡುತ್ತದೆ.

50 ಸರಣಿಯಲ್ಲೂ ಇದೇ ಕಥೆ. 5060 ಲ್ಯಾಪ್‌ಟಾಪ್ ಕಾರ್ಡಿಗೆ 45ರಿಂದ 100 ವ್ಯಾಟ್, 5070ಗೆ 50ರಿಂದ 100. ಎರಡರಲ್ಲೂ ಮೆಮೊರಿ 8 ಜಿಬಿಯೇ. ಹಾಗಾಗಿ 5060ಯಿಂದ 5070ಗೆ ಹಾರಲು ತುಂಬಾ ದುಡ್ಡು ಕೇಳಿದರೆ ನಾನಂತೂ ಕೊಡುವುದಿಲ್ಲ. ಕೊಡುವುದೇ ಆದರೆ 12 ಜಿಬಿ ಇರುವ 5070 ಟಿಐಗೆ ಕೊಡಿ, ಇಲ್ಲವೇ 5060ಯಲ್ಲೇ ನಿಂತು ಉಳಿದ ದುಡ್ಡನ್ನು ರ್ಯಾಮ್, ಎಸ್‌ಎಸ್‌ಡಿಗೆ ಹಾಕಿ.

ವ್ಯಾಟ್ ಎಲ್ಲಿ ಸಿಗುತ್ತದೆ? ಶಾಪಿಂಗ್ ಆ್ಯಪಿನ ಪುಟದಲ್ಲಿ ಅದು ಇಲ್ಲದಿರುವುದೇ ಹೆಚ್ಚು. ತಯಾರಕರ ಸ್ವಂತ ವೆಬ್‌ಸೈಟಿನಲ್ಲಿ ಆ ಮಾಡೆಲ್ ನಂಬರಿನ ಸ್ಪೆಸಿಫಿಕೇಶನ್ ತೆರೆದು ‘ಟಿಜಿಪಿ’ ಅಥವಾ ‘ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್’ ಹುಡುಕಿ. ಮಾಡೆಲ್ ನಂಬರನ್ನು ಕೊನೆಯ ಅಕ್ಷರದವರೆಗೂ ಹೋಲಿಸಿ, ಒಂದೇ ಹೆಸರಿನ ಸರಣಿಯಲ್ಲಿ ಬೇರೆಬೇರೆ ವ್ಯಾಟಿನವು ಇರುತ್ತವೆ. ಅಂಗಡಿಯಲ್ಲಿ ಡೆಮೊ ಪೀಸ್ ಇದ್ದರೆ ಇನ್ನೂ ಸುಲಭ. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆದು ಕೆಳಗಿನ ಸಿಸ್ಟಂ ಇನ್ಫರ್ಮೇಶನ್ ಒತ್ತಿ. ಗರಿಷ್ಠ ವ್ಯಾಟ್ ಅಲ್ಲೇ ಬರೆದಿರುತ್ತದೆ.

ಹೆಜ್ಜೆ 4: ಬಿಸಿ ಎಲ್ಲಿ ಹೋಗುತ್ತದೆ ನೋಡಿ

ಕಾರ್ಡಿಗೆ 100 ವ್ಯಾಟ್, ಪ್ರೊಸೆಸರಿಗೆ 45 ವ್ಯಾಟ್ ಹೋದರೆ ಆ 145 ವ್ಯಾಟೂ ಕೊನೆಗೆ ಬಿಸಿಯಾಗಿಯೇ ಹೊರಗೆ ಬರಬೇಕು. ಡೆಸ್ಕ್‌ಟಾಪಿನಲ್ಲಿ ಅದಕ್ಕೆ ದೊಡ್ಡ ಹೀಟ್‌ಸಿಂಕ್, ಅಂಗೈ ಅಗಲದ ಫ್ಯಾನ್, ಬೇಕಾದಷ್ಟು ಜಾಗ ಇರುತ್ತದೆ. ಲ್ಯಾಪ್‌ಟಾಪಿನಲ್ಲಿ ಎರಡು ಬೆರಳು ದಪ್ಪದ ಡಬ್ಬಿಯೊಳಗೆ ಪ್ರೊಸೆಸರೂ ಕಾರ್ಡೂ ಸಾಮಾನ್ಯವಾಗಿ ಒಂದೇ ತಾಮ್ರದ ಪೈಪುಗಳನ್ನು ಹಂಚಿಕೊಂಡಿರುತ್ತವೆ. ಒಂದು ಕಾದರೆ ಇನ್ನೊಂದೂ ಕಾಯುತ್ತದೆ. 95–100 ಡಿಗ್ರಿ ಮುಟ್ಟಿದ ಮೇಲೆ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಗೇಮ್ ಶುರುವಾದ ಹತ್ತು ನಿಮಿಷ ಸೊಗಸಾಗಿದ್ದು ಆಮೇಲೆ ಎಳೆಯಲು ಶುರುವಾಗುವುದು ಬಹಳ ಸಲ ಇದರಿಂದಲೇ.

ನಮ್ಮ ಕಡೆ ಇದಕ್ಕೆ ಇನ್ನೂ ಜಾಸ್ತಿ ಗಮನ ಕೊಡಬೇಕು. ವಿದೇಶಿ ರಿವ್ಯೂಗಳನ್ನು ಬಹುತೇಕ 20–25 ಡಿಗ್ರಿಯ ತಂಪು ಕೋಣೆಯಲ್ಲಿ ಮಾಡಿರುತ್ತಾರೆ. ರಾಯಚೂರು, ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ. ಶೀಟಿನ ಮನೆಯಾದರೆ ಒಳಗೂ ಅದಕ್ಕಿಂತ ಅಷ್ಟೇನೂ ಕಡಿಮೆ ಇರುವುದಿಲ್ಲ. ಕೋಣೆ 10 ಡಿಗ್ರಿ ಹೆಚ್ಚು ಕಾದರೆ ಒಳಗಿನ ಚಿಪ್ಪೂ ಸುಮಾರು ಅಷ್ಟೇ ಹೆಚ್ಚು ಕಾಯುತ್ತದೆ. ರಿವ್ಯೂದಲ್ಲಿ 85 ಡಿಗ್ರಿ ತೋರಿಸಿದ ಲ್ಯಾಪ್‌ಟಾಪ್ ನಿಮ್ಮ ಮನೆಯಲ್ಲಿ ಮಿತಿ ಮುಟ್ಟಿ ಕೂರಬಹುದು.

ಹಾಗಾಗಿ ಕೊಳ್ಳುವಾಗ ತೆಳ್ಳಗಿರುವುದಕ್ಕೆ ಮರುಳಾಗಬೇಡಿ. ಸ್ವಲ್ಪ ದಪ್ಪ ಇರಲಿ. ಲ್ಯಾಪ್‌ಟಾಪ್ ತಿರುಗಿಸಿ ತಳ ನೋಡಿ, ಗಾಳಿ ಎಳೆಯುವ ರಂಧ್ರಗಳು ಅಗಲವಾಗಿವೆಯಾ? ಬಿಸಿಗಾಳಿ ಹಿಂದಿನಿಂದ ಹೋಗುತ್ತಾ, ಬಲಗಡೆಯಿಂದ ಹೋಗುತ್ತಾ? ಬಲಗಡೆ ಹೋದರೆ ಮೌಸ್ ಹಿಡಿದ ಕೈ ಮೇಲೆ ಬೀಳುತ್ತದೆ, ಬೇಸಿಗೆಯಲ್ಲಿ ಅದು ನಿಜಕ್ಕೂ ಹಿಂಸೆ. ಅದೇ ಮಾಡೆಲ್ಲಿನ ರಿವ್ಯೂ ನೋಡುವಾಗ ಎಫ್‌ಪಿಎಸ್ ಜೊತೆಗೆ ಅರ್ಧ ಗಂಟೆ ಆದಮೇಲಿನ ಬಿಸಿ ಎಷ್ಟು, ಫ್ಯಾನ್ ಸದ್ದು ಎಷ್ಟು ಅನ್ನುವುದನ್ನು ಹುಡುಕಿ. ಪೂರ್ತಿ ಜೋರಿನಲ್ಲಿ ಓಡುವ ಗೇಮಿಂಗ್ ಲ್ಯಾಪ್‌ಟಾಪಿನ ಫ್ಯಾನ್ ಸದ್ದು ಪಕ್ಕದಲ್ಲಿ ಮಲಗಿದವರನ್ನು ಎಬ್ಬಿಸುವಷ್ಟಿರುತ್ತದೆ. ರೂಂಮೇಟ್ ಇರುವವರು ಇದನ್ನು ಮೊದಲೇ ತಿಳಿದಿರಲಿ. ಆಟಕ್ಕೆ ಹೆಡ್‌ಫೋನ್ ಬೇಕೇ ಬೇಕು.

ಹೆಜ್ಜೆ 5: ಪ್ರೊಸೆಸರ್, ರ್ಯಾಮ್, ಎಸ್‌ಎಸ್‌ಡಿ

ಪ್ರೊಸೆಸರಿಗೆ ತುಂಬಾ ದುಡ್ಡು ಸುರಿಯಬೇಡಿ. ಮಧ್ಯಮ ಬೆಲೆಯ ಲ್ಯಾಪ್‌ಟಾಪಿನಲ್ಲಿ ಎಫ್‌ಪಿಎಸ್ ನಿರ್ಧರಿಸುವುದು ಹೆಚ್ಚಾಗಿ ಕಾರ್ಡೇ. ಹೆಸರಿನ ಕೊನೆಗೆ ‘ಎಚ್’, ‘ಎಚ್‌ಎಸ್’ ಅಥವಾ ‘ಎಚ್‌ಎಕ್ಸ್’ ಇರುವ ಇತ್ತೀಚಿನ ಐ5, ರೈಜೆನ್ 5 ಸಾಕು. ಒಂದನ್ನು ಮಾತ್ರ ಗಮನಿಸಿ. ಕಡಿಮೆ ಬೆಲೆಯ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಕಾಣುವ ರೈಜೆನ್ 7 7435ಎಚ್‌ಎಸ್ ಪ್ರೊಸೆಸರಿನ ಒಳಗೆ ಗ್ರಾಫಿಕ್ಸ್ ಇಲ್ಲ. ನೋಟ್ಸ್ ಓದುವಾಗಲೂ ದೊಡ್ಡ ಕಾರ್ಡೇ ಎದ್ದು ಕೆಲಸ ಮಾಡಬೇಕು. ಗೇಮಿಗೆ ತೊಂದರೆ ಇಲ್ಲ, ಕ್ಲಾಸಿನಲ್ಲಿ ಬ್ಯಾಟರಿ ಬೇಗ ಇಳಿಯುತ್ತದೆ.

ರ್ಯಾಮ್ 16 ಜಿಬಿ ಇರಲಿ, ಅದೂ 8+8 ಆಗಿ ಎರಡು ಸ್ಲಾಟಿನಲ್ಲಿ. ಒಂದೇ ಕಡ್ಡಿ ಇದ್ದರೆ ಮೆಮೊರಿಯ ದಾರಿ ಅರ್ಧ ಅಗಲವಾಗಿ ಕೆಲವು ಗೇಮ್‌ಗಳು ನಿಧಾನವಾಗುತ್ತವೆ. ಬೋರ್ಡಿಗೆ ಬೆಸುಗೆ ಹಾಕಿದ ರ್ಯಾಮ್ ಬೇಡ, ಮುಂದೆ ಹೆಚ್ಚಿಸಲು ಆಗುವುದಿಲ್ಲ. ಎಸ್‌ಎಸ್‌ಡಿ 512 ಜಿಬಿ ಅಂದರೆ ವಿಂಡೋಸಿನಲ್ಲಿ ಕಾಣುವುದು 476. ರೆಡ್ ಡೆಡ್ 2 ಮತ್ತು ಬಾಲ್ಡರ್ಸ್ ಗೇಟ್ 3 ಎರಡೂ ತಲಾ 150 ಜಿಬಿ ಜಾಗ ಕೇಳುತ್ತವೆ. ಕಾಲೇಜಿನ ಸಾಫ್ಟ್‌ವೇರ್ ಹಾಕುವುದರೊಳಗೆ ಡಿಸ್ಕ್ ತುಂಬುತ್ತದೆ. ಎಸ್‌ಎಸ್‌ಡಿ ಕೂರಿಸುವ ಎರಡನೇ ಎಂ.2 ಸ್ಲಾಟ್ ಖಾಲಿ ಇದೆಯಾ ಕೇಳಿ. ಇದ್ದರೆ ಮುಂದೆ ನೀವೇ ಒಂದು ಟಿಬಿ ಸೇರಿಸಿಕೊಳ್ಳಬಹುದು.

ಹೆಜ್ಜೆ 6: ಪರದೆ

ದುಡ್ಡು ಉಳಿಸಲು ತಯಾರಕರು ಮೊದಲು ಕೈ ಹಾಕುವುದು ಪರದೆಗೆ. ‘45% ಎನ್‌ಟಿಎಸ್‌ಸಿ’ ಅಂತ ಬರೆದಿದ್ದರೆ ಬಣ್ಣ ಸಪ್ಪೆ ಅಂತಲೇ ಅರ್ಥ. ‘100% ಎಸ್‌ಆರ್‌ಜಿಬಿ’ ಇರಲಿ. 144 ಹರ್ಟ್ಸ್ (ಪರದೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ವೇಗ) ಸಾಕು, ಅದಕ್ಕಿಂತ ಮೇಲಿನದಕ್ಕೆ ಬೇರೆ ದುಡ್ಡು ಕೊಡಬೇಕಿಲ್ಲ. ಸ್ಟೀಮ್ ನಡೆಸುವ ತಿಂಗಳ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇನ್ನೂ 1080ಪಿಯಲ್ಲೇ ಆಡುತ್ತಿದ್ದಾರೆ. 15 ಇಂಚಿನ ಪರದೆಯಲ್ಲಿ 4ಕೆ ಹಾಕಿ ಕಾರ್ಡಿನ ಮೇಲೆ ಭಾರ ಹೇರುವುದರಲ್ಲಿ ಲಾಭ ಇಲ್ಲ.

ಮಕ್ಸ್ ಸ್ವಿಚ್ ಇದೆಯಾ ಕೇಳಿ. ಅದಿದ್ದರೆ ಕಾರ್ಡಿನಿಂದ ಚಿತ್ರ ನೇರ ಪರದೆಗೆ ಹೋಗುತ್ತದೆ, ಇಲ್ಲದಿದ್ದರೆ ಪ್ರೊಸೆಸರಿನ ಗ್ರಾಫಿಕ್ಸ್ ಮೂಲಕ ಸುತ್ತಿ ಬರುತ್ತದೆ. ಎಫ್‌ಪಿಎಸ್ ತುಂಬಾ ಹೆಚ್ಚಿರುವ ವ್ಯಾಲೊರಂಟ್ ತರಹದ ಆಟಗಳಲ್ಲಿ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಹೆಜ್ಜೆ 7: ಕರೆಂಟು, ಪ್ಲಗ್ಗು, ಇಂಟರ್ನೆಟ್ಟು

ಲ್ಯಾಪ್‌ಟಾಪ್ ಗೆಲ್ಲುವುದು ಇಲ್ಲಿ. ಕರೆಂಟ್ ಹೋದ ತಕ್ಷಣ ಡೆಸ್ಕ್‌ಟಾಪ್ ಆರಿಹೋಗುತ್ತದೆ. ಮೆಷಿನ್ ಎಳೆಯುವ ವ್ಯಾಟಿಗೆ ತಕ್ಕ ಯುಪಿಎಸ್ ಇಟ್ಟರೆ ಸೇವ್ ಮಾಡಿ ಮುಚ್ಚುವಷ್ಟು ಹೊತ್ತು ಸಿಗುತ್ತದೆ. ಮನೆಯ ಇನ್ವರ್ಟರಿಗೆ ಸಿಕ್ಕಿಸಿದರೆ ಆಗಲ್ವಾ ಅಂತ ಕೇಳುತ್ತಾರೆ. ಅದು ಸೈನ್ ವೇವ್ ಇನ್ವರ್ಟರ್ ಆಗಿರಬೇಕು, ಸ್ವಿಚ್ಚು ಯುಪಿಎಸ್ ಮೋಡಿನಲ್ಲಿ ಇರಬೇಕು. ಇಲ್ಲದಿದ್ದರೆ ಕರೆಂಟ್ ಬದಲಾಗುವ ಕ್ಷಣದಲ್ಲಿ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗಬಹುದು. ಲ್ಯಾಪ್‌ಟಾಪಿಗೆ ಈ ತಾಪತ್ರಯ ಇಲ್ಲ, ಒಳಗೇ ಬ್ಯಾಟರಿ ಇದೆ. ಅಡಾಪ್ಟರ್ ಸಾಮಾನ್ಯವಾಗಿ 100ರಿಂದ 240 ವೋಲ್ಟ್‌ವರೆಗೂ ತಡೆದುಕೊಳ್ಳುವುದರಿಂದ ಹಳ್ಳಿ ಕಡೆಯ ಕಡಿಮೆ ವೋಲ್ಟೇಜೂ ಅಷ್ಟಾಗಿ ಕಾಡುವುದಿಲ್ಲ.

ಹಾಗಂತ ಬ್ಯಾಟರಿ ಮೇಲೆ ಗೇಮ್ ಆಡಬಹುದು ಅಂದುಕೊಳ್ಳಬೇಡಿ. ಬ್ಯಾಟರಿಯಿಂದ ಅಷ್ಟು ವ್ಯಾಟ್ ಎಳೆಯಲು ಬಿಡುವುದೇ ಇಲ್ಲ, ಕಾರ್ಡಿನ ಶಕ್ತಿ ಅಲ್ಲೇ ಕುಸಿಯುತ್ತದೆ. ವಿಮಾನದಲ್ಲಿ ಅನುಮತಿ ಇಲ್ಲದೆ ಒಯ್ಯಬಹುದಾದ ಬ್ಯಾಟರಿಗೆ 100 ವ್ಯಾಟ್-ಅವರ್ ಮಿತಿ ಇರುವುದರಿಂದ ಎಷ್ಟು ದುಬಾರಿ ಲ್ಯಾಪ್‌ಟಾಪಿಗೂ ಅದಕ್ಕಿಂತ ದೊಡ್ಡ ಬ್ಯಾಟರಿ ಹಾಕುವುದಿಲ್ಲ. ಭಾರದ ಗೇಮ್ ಒಂದು ಗಂಟೆ ಓಡಿದರೆ ಪುಣ್ಯ. ಬ್ಯಾಟರಿ ಇರುವುದು ಮ್ಯಾಚ್ ಮುಗಿಸುವವರೆಗೆ ಕೈ ಹಿಡಿಯಲು. ಅದಕ್ಕೂ ಒಂದು ಷರತ್ತು ಇದೆ, ಕರೆಂಟ್ ಹೋದಾಗ ವೈಫೈ ರೂಟರೂ ಆರುತ್ತದೆ ಅಲ್ವಾ? ರೂಟರಿಗೆಂದೇ ಸಿಗುವ 12 ವೋಲ್ಟಿನ ಪುಟ್ಟ ಯುಪಿಎಸ್ ಒಂದು ತಂದಿಟ್ಟುಕೊಳ್ಳಿ.

ಪ್ಲಗ್ ವಿಷಯ ಯಾರೂ ಹೇಳುವುದಿಲ್ಲ. ದೊಡ್ಡ ಅಡಾಪ್ಟರುಗಳ ಜೊತೆ ಕೆಲವೊಮ್ಮೆ ಗೀಸರಿಗೆ ಬರುವಂಥ 16 ಆಂಪಿಯರಿನ ದಪ್ಪ ಪಿನ್ ಇರುತ್ತದೆ. ಹಾಸ್ಟೆಲ್ ರೂಮಿನ 6 ಆಂಪಿಯರ್ ಸಾಕೆಟ್ಟಿಗೆ ಅದು ಕೂರುವುದಿಲ್ಲ. ಒಳ್ಳೆಯ ಕಂಪನಿಯ ಕನ್ವರ್ಟರ್ ಪ್ಲಗ್ ಕೊಳ್ಳಿ, ಮೂರನೇ ಪಿನ್ ಮುರಿದು ಸಿಕ್ಕಿಸುವ ಸಾಹಸ ಬೇಡ. ಅರ್ಥಿಂಗ್ ಸರಿ ಇಲ್ಲದ ಹಳೆಯ ಮನೆಗಳಲ್ಲಿ ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದರೆ ಜುಂ ಅನ್ನುತ್ತದೆ. ಹಾಗಾದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ.

ಆನ್‌ಲೈನ್ ಆಟಕ್ಕೆ ಲ್ಯಾನ್ ಪೋರ್ಟ್ ಇರುವ ಲ್ಯಾಪ್‌ಟಾಪ್ ಒಳ್ಳೆಯದು. ವ್ಯಾಲೊರಂಟ್‌ಗೆ ಮುಂಬೈಯಲ್ಲಿ ಸರ್ವರ್ ಇದೆ. ಒಳ್ಳೆಯ ಫೈಬರ್ ಲೈನ್ ಇದ್ದರೆ ಬೆಂಗಳೂರಿನಿಂದ ಪಿಂಗ್ (ಸರ್ವರ್ ಮುಟ್ಟಿ ವಾಪಸ್ ಬರುವ ಹೊತ್ತು) 30 ಮಿಲಿಸೆಕೆಂಡಿನ ಆಸುಪಾಸು ಬರುತ್ತದೆ. ಗೋಡೆ ಆಚೆಯ ವೈಫೈನಲ್ಲಿ ಅದು ಏರಿಳಿಯುತ್ತಾ ಇರುತ್ತದೆ, ಕೇಬಲ್ ಹಾಕಿದರೆ ನೆಟ್ಟಗಿರುತ್ತದೆ.

ಹೆಜ್ಜೆ 8: ಕೊಳ್ಳುವ ದಿನ ಮತ್ತು ಮೊದಲ ವಾರ

ದುಡ್ಡು ಕೊಡುವ ಮುಂಚೆ ಎರಡು ಪ್ರಶ್ನೆ ಕೇಳಿ. ರಿಪೇರಿಯವರು ನಿಮ್ಮ ಪಿನ್‌ಕೋಡಿಗೆ ಮನೆವರೆಗೂ ಬರುತ್ತಾರಾ, ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿದೆ? ವಾರಂಟಿಯನ್ನು ಮೂರು ವರ್ಷಕ್ಕೆ ವಿಸ್ತರಿಸಲು ಎಷ್ಟು? ಎರಡನೆಯದಕ್ಕೆ ದುಡ್ಡು ಕೊಡುವುದು ದಂಡ ಅನಿಸಬಹುದು. ಆದರೆ ಕಾರ್ಡ್ ಬೋರ್ಡಿಗೇ ಅಂಟಿರುವುದರಿಂದ ಅದು ಹೋದರೆ ಪೂರ್ತಿ ಮದರ್‌ಬೋರ್ಡ್ ಬದಲಿಸಬೇಕಾಗಬಹುದು. ಡೆಸ್ಕ್‌ಟಾಪಿನವರು ಬಿಟ್ಟುಬಿಡಬಹುದಾದ ಖರ್ಚು ಇದು, ಲ್ಯಾಪ್‌ಟಾಪಿನವರು ಬಿಡಬಾರದು.

ಡಬ್ಬ ತೆರೆಯುವಾಗ ವಿಡಿಯೋ ಮಾಡಿಕೊಳ್ಳಿ. ವಿಂಡೋಸ್ ಮತ್ತು ಡ್ರೈವರ್ ಅಪ್‌ಡೇಟ್ ಮುಗಿಸಿ. ಪೂರ್ತಿ ಕಪ್ಪು, ಪೂರ್ತಿ ಬಿಳಿ ಚಿತ್ರ ಹಾಕಿ ಪರದೆಯಲ್ಲಿ ಸತ್ತ ಚುಕ್ಕೆ ಇದೆಯಾ ನೋಡಿ. ಆಮೇಲೆ ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ತೆರೆದಿಟ್ಟು ಭಾರದ ಗೇಮ್ ಒಂದನ್ನು ಅರ್ಧ ಗಂಟೆ ಆಡಿ. ಐದು ನಿಮಿಷದ ಟೆಸ್ಟ್ ಸಾಲದು, ಲೋಹ ಪೂರ್ತಿ ಕಾಯಲು ಹೊತ್ತು ಬೇಕು. ಕಾರ್ಡ್ ಎಷ್ಟು ವ್ಯಾಟ್ ಎಳೆಯುತ್ತಿದೆ ಅನ್ನುವುದು ಅದರಲ್ಲೇ ಕಾಣುತ್ತದೆ. 115 ಅಂತ ಹೇಳಿ 70ರಲ್ಲೇ ನಿಂತಿದ್ದರೆ ಮೊದಲು ತಯಾರಕರ ಆ್ಯಪಿನಲ್ಲಿ ಪರ್ಫಾರ್ಮೆನ್ಸ್ ಮೋಡ್ ಆನ್ ಮಾಡಿ ನೋಡಿ. ಆದರೂ ಏರದಿದ್ದರೆ, ಅಥವಾ ಎರಡು ಫ್ಯಾನಿನಲ್ಲಿ ಒಂದು ತಿರುಗದಿದ್ದರೆ, ಬದಲಿಸಿಕೊಡುವ ಗಡುವಿನೊಳಗೇ ದೂರು ಕೊಡಿ. ಆ ಗಡುವು ಸಾಮಾನ್ಯವಾಗಿ ಕೆಲವೇ ದಿನ ಇರುತ್ತದೆ.

ಹೆಜ್ಜೆ 9: ದಿನನಿತ್ಯದ ಬಳಕೆ

ಹಾಸಿಗೆ ಮೇಲೆ, ದಿಂಬಿನ ಮೇಲೆ ಇಟ್ಟು ಆಡಬೇಡಿ. ಗಾಳಿ ಎಳೆಯುವ ತೂತುಗಳೆಲ್ಲ ಮುಚ್ಚಿಹೋಗುತ್ತವೆ. ಮೇಜಿನ ಮೇಲಿಟ್ಟು ಹಿಂಭಾಗವನ್ನು ಎರಡು ಮೂರು ಸೆಂಟಿಮೀಟರ್ ಎತ್ತರಿಸಿ. ಎರಡು ಮರದ ತುಂಡು ಸಾಕು. ಅಗ್ಗದ ಕೂಲಿಂಗ್ ಪ್ಯಾಡಿನಿಂದ ಆಗುವ ಲಾಭದ ದೊಡ್ಡ ಪಾಲು ಈ ಎತ್ತರದಿಂದಲೇ ಸಿಗುತ್ತದೆ.

ಎಫ್‌ಪಿಎಸ್‌ಗೆ ಮಿತಿ ಹಾಕಿ. ಕಥೆಯ ಗೇಮ್‌ಗಳಿಗೆ 60 ಸಾಕು. ಮಿತಿ ಹಾಕಿದ ಕ್ಷಣದಿಂದ ಕಾರ್ಡ್ ಸುಮ್ನೆ ಹೆಚ್ಚಿನ ಫ್ರೇಮ್ ಉತ್ಪಾದಿಸಿ ಬಿಸಿಯಾಗುವುದು ನಿಲ್ಲುತ್ತದೆ, ಫ್ಯಾನ್ ಸದ್ದೂ ಇಳಿಯುತ್ತದೆ. ಗೇಮಿನಲ್ಲಿ ಡಿಎಲ್‌ಎಸ್‌ಎಸ್ ಅಥವಾ ಎಫ್‌ಎಸ್‌ಆರ್ (ಚಿಕ್ಕ ಚಿತ್ರವನ್ನು ಹಿಗ್ಗಿಸಿ ಕಾರ್ಡಿನ ಭಾರ ಇಳಿಸುವ ತಂತ್ರಗಳು) ಇದ್ದರೆ ಕ್ವಾಲಿಟಿ ಮೋಡಿನಲ್ಲಿ ಇಡಿ. ಬೇಸಿಗೆಯಲ್ಲಿ ಇನ್ನೊಂದು ಉಪಾಯ ಮಾಡಬಹುದು. ವಿಂಡೋಸಿನ ಅಡ್ವಾನ್ಸ್ಡ್ ಪವರ್ ಸೆಟ್ಟಿಂಗಿನಲ್ಲಿ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ ಕಂಡರೆ ಅದನ್ನು 100ರಿಂದ 99ಕ್ಕೆ ಇಳಿಸಿ. ಪ್ರೊಸೆಸರಿನ ಟರ್ಬೊ, ಅಂದರೆ ಹೆಚ್ಚುವರಿ ವೇಗ, ನಿಂತು ಬಿಸಿ ಗಣನೀಯವಾಗಿ ಇಳಿಯುತ್ತದೆ. ಕಾರ್ಡಿನ ಮೇಲೆ ಭಾರ ಬೀಳುವ ಗೇಮ್‌ಗಳಲ್ಲಿ ಎಫ್‌ಪಿಎಸ್ ಹೆಚ್ಚೇನೂ ಕಡಿಮೆಯಾಗುವುದಿಲ್ಲ.

ದಿನವಿಡೀ ಚಾರ್ಜರಿನಲ್ಲೇ ಇರುವ ಲ್ಯಾಪ್‌ಟಾಪಿಗೆ ಚಾರ್ಜ್ ಮಿತಿಯನ್ನು 80%ಗೆ ಇಡಿ. ಬಹುತೇಕ ಬ್ರ್ಯಾಂಡುಗಳ ಆ್ಯಪಿನಲ್ಲಿ ಈ ಸೌಲಭ್ಯ ಇದೆ. ಪೂರ್ತಿ ತುಂಬಿಸಿ ಬಿಸಿಯಲ್ಲಿ ಇಟ್ಟ ಬ್ಯಾಟರಿ ಬೇಗ ಸೋಲುತ್ತದೆ. ಧೂಳಿನ ರಸ್ತೆ ಪಕ್ಕದ ಮನೆಯಾದರೆ ವರ್ಷಕ್ಕೊಮ್ಮೆ ತಳ ಬಿಚ್ಚಿಸಿ ಫ್ಯಾನ್ ಸ್ವಚ್ಛ ಮಾಡಿಸಿ. ವಾರಂಟಿ ಇರುವಾಗ ನೀವೇ ಬಿಚ್ಚಬಹುದಾ ಅನ್ನುವುದನ್ನು ಮೊದಲು ಕೇಳಿಕೊಳ್ಳಿ.

ಹೆಜ್ಜೆ 10: ಗೇಮ್ ಕೊಳ್ಳುವಾಗ

ನಿಮ್ಮ ಲ್ಯಾಪ್‌ಟಾಪಿನಲ್ಲಿ ಒಂದು ಗೇಮ್ ಹೇಗೆ ಓಡುತ್ತೆ ಅನ್ನುವುದನ್ನು ಊಹಿಸಬೇಕಾಗಿಲ್ಲ. ಸ್ಟೀಮ್‌ನಲ್ಲಿ ಕೊಂಡ ಗೇಮನ್ನು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಿಂದಿರುಗಿಸಿ ದುಡ್ಡು ವಾಪಸ್ ಪಡೆಯಬಹುದು. ಡೌನ್‌ಲೋಡ್ ಆಗುವ ಹೊತ್ತು ಇದಕ್ಕೆ ಲೆಕ್ಕಕ್ಕಿಲ್ಲ. ಗೇಮಿನೊಳಗೆ ಬೆಂಚ್‌ಮಾರ್ಕ್ (ವೇಗ ಅಳೆಯುವ ಟೆಸ್ಟ್) ಇದ್ದರೆ ಮೊದಲು ಅದನ್ನೇ ಓಡಿಸಿ. ಸೈಬರ್‌ಪಂಕ್ ಮತ್ತು ರೆಡ್ ಡೆಡ್ 2 ಎರಡರಲ್ಲೂ ಇದೆ. ಆದರೆ ಒಂದು ಎಚ್ಚರಿಕೆ: ಸೆಟ್ಟಿಂಗ್ ಮೆನುವಿನಲ್ಲಿ ಕೂತ ಹೊತ್ತೂ, ಶೇಡರ್ (ಗೇಮ್ ಶುರುವಿನಲ್ಲಿ ಕಾರ್ಡಿಗೆಂದು ಸಿದ್ಧವಾಗುವ ಗ್ರಾಫಿಕ್ಸ್ ಕೋಡ್) ತಯಾರಾಗಲಿ ಅಂತ ಕಾದ ಹೊತ್ತೂ ಆ ಎರಡು ಗಂಟೆಯಲ್ಲೇ ಸೇರುತ್ತದೆ. ಒಂದೂವರೆ ಗಂಟೆಗೆ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು ಆಡಿ.